ಜೀವನವಿಡೀ ಮನೆ, ಚರ್ಚು ಅಂತಲೇ ಇದ್ದ ಅಜ್ಜಿಯ ಬಗ್ಗೆ ಐದು ನಿಮಿಷ ಏನು ಮಾತಾಡಲಿ?

ನಿಮ್ಮ ಅಜ್ಜಿ ತೊಂಬತ್ತೊಂದಕ್ಕೆ ತೀರಿಕೊಂಡಿದ್ದಾರೆ, ಮೂವತ್ತನೇ ದಿನದ ಪೂಜೆ ಮುಗಿದ ಮೇಲೆ ಮೊಮ್ಮಕ್ಕಳ ಪರವಾಗಿ ನೀವು ಐದು ನಿಮಿಷ ಮಾತಾಡಬೇಕು. "ಅವರು ಬರೀ ಗೃಹಿಣಿ, ಮನೆ ಮತ್ತು ಚರ್ಚು ಬಿಟ್ಟರೆ ಬೇರೇನೂ ಇರಲಿಲ್ಲ, ಹೇಳೋಕೆ ಏನಿದೆ?" ಅಂತ ಕೇಳಿದ್ದೀರಿ. ನೀವು ಚಿತ್ರದುರ್ಗದವರು, ನಾನು ದಾವಣಗೆರೆಯವನು. 2023ರಲ್ಲಿ ಇದೇ ಕೆಲಸ ನನ್ನ ತಲೆಗೂ ಬಿದ್ದಿತ್ತು. ನಮ್ಮ ಅಜ್ಜಿಗೆ ಆಗ ಎಂಬತ್ತೊಂಬತ್ತು.

ನಾನು ಮೊದಲು ಬರೆದದ್ದು ಹೀಗಿತ್ತು: "ಭಕ್ತಿವಂತೆ, ಮಮತಾಮಯಿ, ಸಹನಾಮೂರ್ತಿ." ನಮ್ಮ ಸೋದರತ್ತೆ ಅದನ್ನು ಓದಿ ನಕ್ಕುಬಿಟ್ಟರು. "ಸಹನೆನಾ? ನಮ್ಮವ್ವಂಗಾ? ಯಾರ ಮನೆ ಅಜ್ಜಿ ಬಗ್ಗೆ ಬರ್ದೀಯೋ?" ಅಂದರು. ಹರಿದು ಹಾಕಿದೆ. ಆಮೇಲೆ ಅಜ್ಜಿ ಎಂಥವರು ಅನ್ನೋದನ್ನು ಬಿಟ್ಟು, ಎಷ್ಟು ಹೊತ್ತಿಗೆ ಏನು ಮಾಡುತ್ತಿದ್ದರು ಅಂತ ಬರೆಯೋಕೆ ಕೂತೆ. ಒಂದೇ ಸಂಜೆಯಲ್ಲಿ ಆರು ಹಾಳೆ ತುಂಬಿತು.

ಉದಾಹರಣೆಗೆ ಜಪಸರ. ಅಡುಗೆಮನೆ ಗೋಡೆ ಮೇಲೆ ಗಡಿಯಾರ ಇತ್ತು, ಅಜ್ಜಿ ಅದರ ಕಡೆ ತಿರುಗಿ ನೋಡಿದ್ದು ನನಗೆ ನೆನಪಿಲ್ಲ. ಒಲೆ ಮುಂದೆ ಹೊತ್ತು ಅಳೆಯುತ್ತಿದ್ದದ್ದು ಮಣಿಗಳಿಂದ. ಮೊಟ್ಟೆ ಬೇಯೋಕೆ ಮೂರು ಹತ್ತು, ಅಂದರೆ ಮಣಿಗೊಂದರಂತೆ ಮೂವತ್ತು 'ನಮೋ ಮರಿಯಾ' ಪ್ರಾರ್ಥನೆ. ಐದನೇ ರಹಸ್ಯ (ಪ್ರತಿ ಹತ್ತು ಮಣಿಗೆ ನೆನೆಯುವ, ಯೇಸು-ಮರಿಯರ ಬದುಕಿನ ಒಂದು ಘಟನೆ) ಮುಗಿಯೋ ಹೊತ್ತಿಗೆ ಅನ್ನದ ಗಂಜಿ ಬಸಿಯಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ತಡೆಯುತ್ತಿದ್ದರು, ಆದರೆ ತಮಗೇ ಏನಾದರೂ ಹೇಳೋದಿದ್ದರೆ ಆ ನಿಯಮ ಇಲ್ಲ. "ನಮೋ ಮರಿಯಾ, ಲೇ, ಹಾಲು ಉಕ್ತೈತಿ ನೋಡ್ಲೇ, ವರಪ್ರಸಾದ ಪೂರ್ಣೆ" ಅಂತ ಒಂದೇ ಉಸಿರಿನಲ್ಲಿ ಸಾಗುತ್ತಿತ್ತು. ಮರಿಯಾ ಮಾತೆಗೆ ಇದು ಅಭ್ಯಾಸ ಆಗಿರಬೇಕು.

2002ರಲ್ಲಿ ಎರಡನೇ ಜಾನ್ ಪೌಲ್ ಪೋಪರು ಜಪಸರಕ್ಕೆ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಅಲ್ಲಿಯವರೆಗೆ ಸಂತಸದ್ದು, ದುಃಖದ್ದು, ಮಹಿಮೆಯದ್ದು ಸೇರಿ ಹದಿನೈದೇ. ಗುರುವಾರಕ್ಕೆ ಹೊಸದು ಬಂತು ಅಂತ ಚರ್ಚಿನ ಸ್ವಾಮಿಗಳು (ಪಾದ್ರಿ) ಹೇಳಿದಾಗ ಅಜ್ಜಿಗೆ ಅರವತ್ತೆಂಟು, ಓದು ಬಾರದು. ನಾನು ಆಗ ಹೈಸ್ಕೂಲು. ಒಂದು ವಾರ ಪೂರ್ತಿ ಸಂಜೆ ನನ್ನನ್ನು ಕೂರಿಸಿಕೊಂಡು ಓದಿಸಿ, ಕೇಳಿ ಕೇಳಿ ಬಾಯಿಪಾಠ ಮಾಡಿದರು. ನನಗೆ ಇವತ್ತಿಗೂ ನಾಲ್ಕನೆಯದರ ಮೇಲೆ ನೆನಪಾಗೋದಿಲ್ಲ.

ಅಜ್ಜಿ ಹುಟ್ಟಿದ್ದು 1934ರಲ್ಲಿ, ಚಿಕ್ಕಜಾಜೂರು ಜಂಕ್ಷನ್ನಿನ ರೈಲ್ವೆ ಮನೆಗಳಲ್ಲಿ. ಅವರಪ್ಪ ಹಳಿ ಮೇಲೆ ಗ್ಯಾಂಗ್‌ಮನ್. ತವರಿನ ಮಾತು ತಮಿಳು, ಹಾಗಾಗಿ ಕೊನೆಯವರೆಗೂ ಪ್ರಾರ್ಥನೆ ಕನ್ನಡದಲ್ಲಿ, ದುಡ್ಡಿನ ಎಣಿಕೆ ತಮಿಳಿನಲ್ಲಿ. ಮದುವೆಯಾಗಿ ದಾವಣಗೆರೆಗೆ ಬಂದದ್ದು 1952ರಲ್ಲಿ. ತಾತ ಇಲ್ಲಿನ ಒಂದು ಕಾಟನ್ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆ ಆಗ ನಿಮ್ಮ ಜಿಲ್ಲೆಗೇ ಸೇರಿತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನಡುವೆ 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯವೂ (ಒಬ್ಬ ಬಿಷಪ್ಪರ ಆಡಳಿತದ ವಲಯ) ಆಯಿತು. ಅಜ್ಜಿ ಮಾತ್ರ ಅದೇ ಎರಡು ಕೋಣೆಯ ಮನೆಯಲ್ಲಿ, ಅದೇ ಒಲೆ ಮುಂದೆ.

ಹಳೇ ಕಾಲದ ಪೂಜೆ ಲತೀನಿನಲ್ಲಿ, ಗುರುಗಳು ಬೆನ್ನು ತಿರುಗಿಸಿ ನಿಂತು ಮಾಡುತ್ತಿದ್ದರು. ಜನ ಹಿಂದೆ ಕೂತು ತಮ್ಮ ಪಾಡಿಗೆ ಜಪಸರ ಹೇಳಿಕೊಳ್ಳೋದು. ರೋಮಿನಲ್ಲಿ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಭೆ (1962–65) ಆದ ಮೇಲೆ ಪೂಜೆ ಕನ್ನಡಕ್ಕೆ ಬಂತು. ಮೊದಲ ಸಲ ಅರ್ಥ ಆಗೋ ಹಾಗೆ ಕೇಳಿ ಮನೆಗೆ ಬಂದ ಅಜ್ಜಿ ತಾತನ ಹತ್ತಿರ, "ಇಷ್ಟು ವರ್ಷ ಹೇಳ್ತಿದ್ದದ್ದು ಇದನ್ನೇನಾ? ಚೆನ್ನಾಗೇ ಐತಲ್ಲ" ಅಂದಿದ್ದರಂತೆ.

ಅವರ ಹಟದ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮ್ಮ ಭಾಷಣದಲ್ಲೂ ಒಂದು ಹಟ ಇರಲಿ. ಮೊದಲೆಲ್ಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿಯ ಪ್ರಸಾದ) ತಗೊಳ್ಳೋಕೆ ನಡುರಾತ್ರಿಯಿಂದ ಹನಿ ನೀರೂ ಕುಡಿಯಬಾರದಿತ್ತು. 1953ರಲ್ಲಿ ನೀರಿಗೆ ವಿನಾಯಿತಿ ಸಿಕ್ಕಿತು, 1964ರ ಹೊತ್ತಿಗೆ ಉಪವಾಸ ಒಂದೇ ಗಂಟೆಗೆ ಇಳಿಯಿತು. ಅಜ್ಜಿಯ ಪಾಲಿಗೆ ಇದ್ಯಾವುದೂ ನಡೆಯಲೇ ಇಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಭಾನುವಾರ ಬೆಳಿಗ್ಗೆ ಮಾತ್ರೆ ಇಲ್ಲ, ಚಹಾ ಇಲ್ಲ. ಒಂದು ಭಾನುವಾರ ಚರ್ಚಿನಲ್ಲೇ ತಲೆತಿರುಗಿ ಬಿದ್ದು ಬೆಂಚಿನ ಅಂಚು ಹುಬ್ಬಿಗೆ ಬಡಿಯಿತು, ಮೂರು ಹೊಲಿಗೆ. ಡಾಕ್ಟರು ಬೈದರು, ಮಕ್ಕಳು ಬೈದರು. ಕೊನೆಗೆ ಸ್ವಾಮಿಗಳೇ ಮನೆಗೆ ಬಂದು, "ಅಜ್ಜಿ, ಔಷಧಿ ತಗೊಂಡ್ರೆ ಉಪವಾಸ ಮುರಿಯಲ್ಲ, ನಾನು ಹೇಳ್ತಿದೀನಲ್ಲ" ಅಂದರು. ಆಯ್ತು ಸ್ವಾಮಿ ಅಂತ ತಲೆಯಾಡಿಸಿದರು. ಅವರು ಗೇಟು ದಾಟಿದ ಮೇಲೆ, "ಚಿಕ್ಕ ಹುಡುಗ, ಪಾಪ, ಅವರಿಗೇನು ಗೊತ್ತು" ಅಂದರು. ನನಗೆ ಇದು ಭಕ್ತಿಯೋ ಮೊಂಡುತನವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಭಾಷಣದಲ್ಲಿ ಹೇಳಿದಾಗ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಅದೇ ಸ್ವಾಮಿಗಳು.

ನಾನು ಹೆಚ್ಚು ಹೊತ್ತು ಮಾತಾಡಿದ್ದು ಮಾತ್ರ ಚರ್ಚಿನ ಹೊರಗಿನ ಒಂದು ವಿಷಯದ ಮೇಲೆ. ನಮ್ಮೂರ ದುಗ್ಗಮ್ಮನ ಜಾತ್ರೆ ನಿಮಗೂ ಗೊತ್ತಿರುತ್ತದೆ, ಎರಡು ವರ್ಷಕ್ಕೊಮ್ಮೆ. ಬರೋದು ಫೆಬ್ರವರಿ–ಮಾರ್ಚ್ ಹೊತ್ತಿಗೆ, ಅಂದರೆ ಹೆಚ್ಚು ಕಡಿಮೆ ಪ್ರತಿ ಸಲವೂ ನಮ್ಮ ತಪಸ್ಸುಕಾಲದಲ್ಲಿ, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತದ ಹೊತ್ತಿನಲ್ಲಿ. ಊರಿನ ಅರ್ಧ ಮನೆಗಳಲ್ಲಿ ಬಾಡೂಟ, ನೆಂಟರ ಸಂತೆ. ನಿಯಮದ ಪ್ರಕಾರ ನಮಗೆ ಮಾಂಸ ಬಿಡಬೇಕಾದದ್ದು ಅದು ಶುರುವಾಗುವ ಬೂದಿ ಬುಧವಾರ ಮತ್ತು ಶುಕ್ರವಾರಗಳಂದು, ಅಜ್ಜಿ ನಲವತ್ತು ದಿನವೂ ಮುಟ್ಟುತ್ತಿರಲಿಲ್ಲ. ಎದುರುಮನೆಯವರು ಊಟಕ್ಕೆ ಕರೆಯದೆ ಬಿಡುತ್ತಿರಲಿಲ್ಲ, ಕರೆದ ಮನೆಗೆ ಹೋಗದಿದ್ದರೆ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ.

ಅದಕ್ಕೆ ಅವರು ಕಂಡುಕೊಂಡ ದಾರಿ: ಜಾತ್ರೆ ದಿನ ಕೋಳಿ ಕೂಗೋ ಮುಂಚೆ ಎದುರುಮನೆಗೆ ಹೋಗಿ ರೊಟ್ಟಿ ಬಡಿಯೋಕೆ ಕೂರುವುದು. ಪಕ್ಕದ ಒಲೆಯಲ್ಲಿ ಮಟನ್ ಕುದಿಯುತ್ತಿರುತ್ತದೆ, ಖೈಮಾ ಉಂಡೆ ಘಮ್ ಅನ್ನುತ್ತಿರುತ್ತದೆ, ಇವರು ನೂರಕ್ಕೂ ಮೇಲೆ ರೊಟ್ಟಿ ಬಡಿದು, ಎರಡು ರೊಟ್ಟಿ ಶೇಂಗಾ ಚಟ್ನಿಪುಡಿ ಜೊತೆ ತಿಂದು, ಕೈ ತೊಳೆದು ಸಂಜೆ ಚರ್ಚಿನ ಶಿಲುಬೆಹಾದಿ ಪ್ರಾರ್ಥನೆಗೆ ಹೊರಟುಬಿಡುತ್ತಿದ್ದರು. ಎದುರುಮನೆ ದೊಡ್ಡಮ್ಮನೂ ಸುಮ್ಮನಿರೋ ಪೈಕಿ ಅಲ್ಲ. ಪಾಸ್ಕ (ಈಸ್ಟರ್) ಹಬ್ಬದ ಭಾನುವಾರ ಬೆಳಿಗ್ಗೆ ಅವರ ಮನೆಯಿಂದ ಸ್ಟೀಲ್ ಡಬ್ಬಿ ತುಂಬ ಹೊಸದಾಗಿ ಮಾಡಿದ ಮಟನ್ ಸಾರು ಬರುತ್ತಿತ್ತು. "ಜಾತ್ರೆ ಪಾಲು ಬಾಕಿ ಇತ್ತಲ್ಲ" ಅನ್ನೋರು. ಇದು ಎಷ್ಟು ವರ್ಷ ನಡೆಯಿತೋ ಎರಡೂ ಮನೆಯಲ್ಲಿ ಲೆಕ್ಕ ಇಟ್ಟವರಿಲ್ಲ. ಅಜ್ಜಿ ಹೋದ ಮರುವರ್ಷ, 2024ರಲ್ಲೂ ಜಾತ್ರೆ ತಪಸ್ಸುಕಾಲದಲ್ಲೇ ಬಂತು. ಪಾಸ್ಕದ ದಿನ ಡಬ್ಬಿಯೂ ಬಂತು.

ಕ್ರಿಸ್ಮಸ್ಸಿಗೆ ಇದರ ಉಲ್ಟಾ. ಅಚ್ಚಿನಲ್ಲಿ ಅದ್ದಿ ಕರಿಯುವ ರೋಸ್ ಕುಕ್ಕಿಗೆ ಎರಡು ಪಾತ್ರೆ ಹಿಟ್ಟು ಕಲಸುತ್ತಿದ್ದರು. ಒಂದಕ್ಕೆ ಮೊಟ್ಟೆ, ಇನ್ನೊಂದಕ್ಕೆ ಇಲ್ಲ, ಅದು ಪಕ್ಕದ ಲಿಂಗಾಯತರ ಮನೆಗೆ. ಎಣ್ಣೆಯೂ ಬೇರೆ, ಬಾಂಡ್ಲಿಯೂ ಬೇರೆ. ಯಾರೂ ಬಂದು ನೋಡುತ್ತಿರಲಿಲ್ಲ. "ಅವರು ನೋಡಲ್ಲ ಕಣೇ, ಒಂದರಲ್ಲೇ ಕರಿ" ಅಂತ ತಾತ ಅಂದದ್ದಕ್ಕೆ ಅವತ್ತು ರಾತ್ರಿ ಊಟ ಬಡಿಸಲಿಲ್ಲವಂತೆ. ಸಹನಾಮೂರ್ತಿ!

ಮಿಲ್ಲು ಮುಚ್ಚಿದ ವರ್ಷಗಳ ಬಗ್ಗೆ ಹೆಚ್ಚು ಹೇಳಲಾರೆ, ಮನೆಯಲ್ಲಿ ಆ ಮಾತು ಎತ್ತುವವರು ಕಡಿಮೆ. ತಾತನಿಗೆ ಬರಬೇಕಿದ್ದ ದುಡ್ಡು ಪೂರ್ತಿ ಬರಲಿಲ್ಲ. ಅಜ್ಜಿ ಕಿವಿಯೋಲೆ ಮಾರಿ ಶಾವಿಗೆ ಮಿಷನ್ ತಂದರು. ಬೇಸಿಗೆ ಬಂದರೆ ಇಡೀ ಓಣಿಯ ಶಾವಿಗೆ ನಮ್ಮ ಪಡಸಾಲೆಯಲ್ಲಿ. ಇದು ಅಪ್ಪನಿಂದ ನನಗೆ ತಿಳಿಯಲಿಲ್ಲ, ಹಳೇ ಗಿರಾಕಿಯೊಬ್ಬರಿಂದ ತಿಳಿಯಿತು. ಆದ್ದರಿಂದ ನೀವು ಮಕ್ಕಳನ್ನಷ್ಟೇ ಕೇಳಬೇಡಿ. ಗಂಡುಮಕ್ಕಳಂತೂ "ಅಮ್ಮ ದೇವತೆ" ಅಂದು ಕಣ್ಣೊರೆಸಿಕೊಳ್ಳುತ್ತಾರೆ, ಮುಂದೆ ಹೋಗೋದಿಲ್ಲ. ಸೊಸೆಯಂದಿರನ್ನು ಕೇಳಿ, ಹಾಲಿನವನನ್ನು ಕೇಳಿ, ಚರ್ಚಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವರನ್ನು ಕೇಳಿ.

ಹರಿಹರದ ಆರೋಗ್ಯ ಮಾತೆಯ ದೇವಾಲಯಕ್ಕೆ ನಿಮ್ಮ ಅಜ್ಜಿಯೂ ಹೋಗಿರಬಹುದು. ಅದನ್ನೂ ವಿಚಾರಿಸಿ. ನಮ್ಮವರು ಸೆಪ್ಟೆಂಬರ್ 8ರ ಹಬ್ಬಕ್ಕೆ ಹಿಂದಿನ ರಾತ್ರಿಯೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ ಹಿಡಿದು ನಡೆದು ಹೋಗುತ್ತಿದ್ದರು, ಸುಮಾರು ಹದಿನಾಲ್ಕು ಕಿಲೋಮೀಟರ್, ಸೊಂಟದ ಮೇಲೆ ನಮ್ಮಪ್ಪ. 2019ರಲ್ಲಿ ಆ ದೇವಾಲಯಕ್ಕೆ ಬಸಿಲಿಕಾ ಅನ್ನೋ ಗೌರವ ಸಿಕ್ಕಿತು. ಪೋಪರು ಕೊಟ್ಟ ದೊಡ್ಡ ಸ್ಥಾನ ಅಂತ ನಾನು ವಿವರಿಸಿದೆ. ಎಂಬತ್ತೈದರ ಅಜ್ಜಿ ಕೇಳಿಸಿಕೊಂಡು, "ನಾವು ನಡ್ಕೊಂಡು ಹೋಗುವಾಗ್ಲೂ ದೊಡ್ಡದೇ ಇತ್ತು ಬಿಡು" ಅಂದರು.

ಕಾಗದದಲ್ಲಿ ಬರೆದುಕೊಂಡು ಓದಿ, ನೆನಪಿನಿಂದ ಹೇಳೋಕೆ ಹೋಗಬೇಡಿ, ಗಂಟಲು ಕಟ್ಟುತ್ತದೆ. ನನಗೂ ಐದೇ ನಿಮಿಷ ಅಂದಿದ್ದರು. ಮುಗಿಸಿ ಬಂದು ಬೆಂಚಿನಲ್ಲಿ ಕೂತಾಗ ಸೋದರತ್ತೆ ಕೈಯಲ್ಲಿದ್ದ ಜಪಸರ ನೋಡಿಕೊಂಡು ಮೆಲ್ಲಗೆ ಅಂದರು: "ಎರಡು ಹತ್ತು ಮುಗೀತಲ್ಲೋ. ಮೊಟ್ಟೆ ಇನ್ನೂ ಬೆಂದಿಲ್ಲ."