ನೂರು ಪುಟಕ್ಕೇ ನಿಂತ ಓದು

ಪ್ರಶ್ನೆ: ಗೆಳೆಯರೆಲ್ಲ ಮೆಚ್ಚಿದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಕೈಗೆತ್ತಿಕೊಂಡೆನಾದರೂ, ಪಾತ್ರಗಳ ಸಂದಣಿಯಲ್ಲಿ ದಾರಿ ತಪ್ಪಿ ನೂರು ಪುಟಕ್ಕೇ ಮುಚ್ಚಿಟ್ಟೆ. ಬೇಸರವಾಯಿತೆಂದು ಅವರೆದುರು ಹೇಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ಹೇಳಿ, ಎಲ್ಲಿ, ಏಕೆ ಬೇಸರವಾಯಿತೆಂಬುದನ್ನೂ ಸೇರಿಸಿದರೆ ಅದು ಬರಿಯ ಹೊಗಳಿಕೆಗಿಂತ ಬೆಲೆಯುಳ್ಳ ಅಭಿಪ್ರಾಯವಾಗುತ್ತದೆ. 1967ರಲ್ಲಿ ಪ್ರಕಟವಾದ ಈ ಕೃತಿಗೆ ಒಬ್ಬನೇ ನಾಯಕನೆಂಬುವನಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಒಡೆಯರೂ ಆಳುಗಳೂ ಇಲ್ಲಿ ಒಂದೇ ಬಗೆಯ ಗಮನ ಪಡೆಯುವುದರಿಂದ, ಕಥಾನಾಯಕನನ್ನು ಹುಡುಕುತ್ತ ಹೊರಟವರಿಗೆ ಗೊಂದಲವಾಗುವುದು ಸಹಜ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಬೆನ್ನು ಹಿಡಿದು ಮತ್ತೊಮ್ಮೆ ಹೊರಟು ನೋಡಿ. ಉಳಿದವರ ಹೆಸರು ಮರೆತರೂ ಚಿಂತೆಯಿಲ್ಲ (ಮೊದಲ ಓದಿನಲ್ಲಿ ನಾನೂ ಮರೆತಿದ್ದೆ). ಆಗಲೂ ಹಿಡಿಸದಿದ್ದರೆ ಮುಂದಿನ ಮಳೆಗಾಲದವರೆಗೆ ಬದಿಗಿಡಿ.