ಕೆಮ್ಮಿನ ಸಿರಪ್ಪು, ಪಾರ್ಕಿನ್ಸನ್ ಮತ್ತು ನೀವು ಬಿಟ್ಟ ಲೆಕ್ಕ

ಶಿರಸಿಯ ಲೇಖಕರಿಗೆ ನಮಸ್ಕಾರ.

‘ಕೆಮ್ಮಿನ ಔಷಧಿಯಲ್ಲೇ ಇದೆ ಪಾರ್ಕಿನ್ಸನ್‌ಗೆ ಮದ್ದು’ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗದು. ತಿದ್ದಿ ಕಳಿಸಿ, ವಿಷಯ ನಮಗೆ ಬೇಕು.

ದೊಡ್ಡ ತಪ್ಪು ಪ್ರಮಾಣದ್ದು. ಕಫ ಸಡಿಲಿಸುವ ಆಂಬ್ರೊಕ್ಸಾಲ್ ಎಂದು ಬರೆದಿರಿ, ಎಷ್ಟು ಎಂದು ಬರೆಯಲಿಲ್ಲ. ಕೆಮ್ಮಿಗೆ ದಿನಕ್ಕೆ 60ರಿಂದ 120 ಮಿಲಿಗ್ರಾಂ. ಪಾರ್ಕಿನ್ಸನ್ ಪ್ರಯೋಗದಲ್ಲಿ ಕೊಟ್ಟದ್ದು 1,260. ಶಿರಸಿಯಲ್ಲೋ ಕಾರವಾರದಲ್ಲೋ ಮೆಡಿಕಲ್ ಶಾಪಿಗೆ ಹೋಗಿ ಬಾಟಲಿಯ ಲೇಬಲ್ ಓದಿ. 5 ಎಂಎಲ್‌ಗೆ 15 ಮಿಲಿಗ್ರಾಂ ಎಂದಿದ್ದರೆ ದಿನಕ್ಕೆ 420 ಎಂಎಲ್ ಕುಡಿಯಬೇಕಾಗುತ್ತದೆ, 100 ಎಂಎಲ್‌ನ ನಾಲ್ಕು ಬಾಟಲಿಗೂ ಹೆಚ್ಚು. ಅದೇ ಲೇಬಲ್ಲಿನಲ್ಲಿ ಉಸಿರುನಾಳ ಹಿಗ್ಗಿಸುವ ಟರ್ಬುಟಲಿನ್ ಅಥವಾ ಸಾಲ್ಬುಟಮಾಲ್ ಇರುವುದೂ ಸಾಮಾನ್ಯ. ಅವು ಹೆಚ್ಚಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ಮೊದಲೇ ನಡುಕದ ರೋಗಿ! ಲೇಖನ ಓದಿದ ಮಗನೊಬ್ಬ ಅಪ್ಪನಿಗೆ ಕುಡಿಸಿಬಿಟ್ಟರೆ ಎಂಬ ಭಯದಿಂದಲೇ ಇಷ್ಟು ಹೇಳುತ್ತಿದ್ದೇವೆ.

ಆ ಪ್ರಯೋಗದ 2020ರ ವರದಿ ‘ಗುಣವಾಯಿತು’ ಎನ್ನುವುದಿಲ್ಲ. 17 ಮಂದಿ, ಹೋಲಿಸಲು ಬೇರೆ ಗುಂಪಿಲ್ಲ. ಮದ್ದು ಮಿದುಳು-ಬೆನ್ನುಹುರಿಯ ದ್ರವದವರೆಗೆ ತಲುಪುತ್ತದೆ ಎಂಬುದು ಅಲ್ಲಿ ಗೊತ್ತಾದ ಮುಖ್ಯ ಸಂಗತಿ.

ಜೀವಕೋಶದೊಳಗೆ ಕಸ ಕರಗಿಸುವ ಚೀಲವಾದ ಲೈಸೋಸೋಮನ್ನು ಬೆಟ್ಟದ ದರಕು ಕೊಳೆಯುವ ಗೊಬ್ಬರಗುಂಡಿಗೆ ಹೋಲಿಸಿದ ಸಾಲು ಬಹಳ ಚೆನ್ನಾಗಿದೆ. ಕೊನೆಯಲ್ಲಿ ಹುಗಿದಿಟ್ಟಿದ್ದೀರಿ, ಮೊದಲಿಗೆ ತನ್ನಿ. ಜಿಬಿಎ1 ಜೀನ್‌ನಲ್ಲಿ ದೋಷವಿದ್ದರೆ ಕೊಳೆಸುವ ಕಿಣ್ವ ಸರಿಯಾಗಿ ಮಡಚಿಕೊಳ್ಳದೆ ದಾರಿಯಲ್ಲೇ ಉಳಿಯುತ್ತದೆ, ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೊಟೀನ್ ಮಿದುಳಿನ ಕೋಶಗಳಲ್ಲಿ ರಾಶಿ ಬೀಳುತ್ತದೆ. ಆಂಬ್ರೊಕ್ಸಾಲ್ ಆ ಕಿಣ್ವವನ್ನು ಗುಂಡಿಯವರೆಗೆ ಮುಟ್ಟಿಸೀತು ಎಂಬುದೇ ಆಸೆ. ಇಷ್ಟನ್ನು ಅದೇ ಹೋಲಿಕೆಯಲ್ಲಿ ಬಿಡಿಸಿ ಬರೆಯಿರಿ.

ಪಾರ್ಕಿನ್ಸನ್‌ಗೆ ಪ್ರಯೋಗಿಸಿದ ಇನ್ನೊಂದು ಔಷಧ, ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಕಥೆಯನ್ನು 2017ಕ್ಕೇ ನಿಲ್ಲಿಸಿದ್ದೀರಿ. ಆಗ 62 ರೋಗಿಗಳಲ್ಲಿ ಭರವಸೆ ಕಂಡದ್ದು ನಿಜ. 194 ಮಂದಿಗೆ 96 ವಾರ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು: ಪ್ರಯೋಜನ ಕಾಣಲಿಲ್ಲ. ಅದನ್ನೂ ಸೇರಿಸಿ.

‘ಹಳೆಯ ಮದ್ದು, ಹಾಗಾಗಿ ಅಪಾಯವಿಲ್ಲ’ ಎಂಬ ಸಾಲು ಹೊಡೆದುಹಾಕಿ. ಮಿನೋಸೈಕ್ಲಿನ್ ಹಳೆಯ ಆಂಟಿಬಯೋಟಿಕ್. ಸ್ನಾಯು ನಡೆಸುವ ನರಕೋಶಗಳು ಸಾಯುತ್ತ ಹೋಗುವ ಎಎಲ್‌ಎಸ್ ಕಾಯಿಲೆಯ 412 ರೋಗಿಗಳ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರ ದಿನನಿತ್ಯದ ಕೆಲಸ ಮಾಡುವ ಶಕ್ತಿ ಶೇ 25ರಷ್ಟು ಬೇಗ ಕುಂದಿತು, ವರದಿ 2007ರದು.

ಗೆದ್ದ ಉದಾಹರಣೆ ಬೇಕೆಂದರೆ ಅಮಂಟಡಿನ್ ಇದೆ. ಫ್ಲೂ ತಡೆಯಲು ಅದನ್ನು ನುಂಗಿದ ಪಾರ್ಕಿನ್ಸನ್ ರೋಗಿಯೊಬ್ಬರಿಗೆ 1968ರಲ್ಲಿ ಮೈ ಬಿಗಿತ ಸಡಿಲವಾಯಿತು. ವೈದ್ಯರು ಇಂದಿಗೂ ಬರೆದುಕೊಡುತ್ತಾರೆ.

ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾ ಮಾತ್ರೆಯನ್ನು ರೋಗಿಗಳು ತಾವಾಗಿ ನಿಲ್ಲಿಸಬಾರದು ಎಂಬ ಮಾತು ಲೇಖನದಲ್ಲಿ ಇರಲೇಬೇಕು. ಶೀರ್ಷಿಕೆಯಲ್ಲಿ ‘ಮದ್ದು’ ತೆಗೆದು ‘ಪ್ರಯೋಗ’ ಎಂದು ಹಾಕಿ ಕಳಿಸಿ.