ನಮ್ಮ ಮನೆಯ ಬಾವಿಯೂ ಸರಿಯುತ್ತದೆಯೇ?

ಪ್ರಶ್ನೆ: ಮಕ್ಕಳ ಜೊತೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ ಹಿಂದೆ ಇಲ್ಲಿಗೇ ಅಂಟಿಕೊಂಡಿತ್ತು ಅಂತ ಯಾರೋ ಹೇಳಿದರು. ಅಷ್ಟು ದೊಡ್ಡ ನೆಲ ದೋಣಿಯ ಹಾಗೆ ತೇಲಿಹೋಯಿತೇ? ಅಜ್ಜ ತೋಡಿಸಿದ ನಮ್ಮ ಬಾವಿ ನೂರು ವರ್ಷದಿಂದ ಇದ್ದಲ್ಲೇ ಇದೆಯಲ್ಲ!
– ಓದುಗರೊಬ್ಬರು, ಕುಂದಾಪುರ

ಸಂಪಾದಕರ ಉತ್ತರ: ನಿಮ್ಮ ಅನುಮಾನ ಸಣ್ಣದಲ್ಲ. ಖಂಡಗಳು ಸರಿಯುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಹೇಳಿದಾಗ ಭೂವಿಜ್ಞಾನಿಗಳು ಕೇಳಿದ್ದೂ ಇದನ್ನೇ. ಸಮುದ್ರದ ತಳ ಗಟ್ಟಿ ಕಲ್ಲು, ಅದನ್ನು ಸೀಳಿಕೊಂಡು ನೆಲ ಹೋಗುವುದು ಹೇಗೆ? ಎಲ್ಲರೂ ಒಪ್ಪುವಂಥ ಉತ್ತರ ವೆಗೆನರ್ ಬಳಿ ಇರಲಿಲ್ಲ. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲೇ ತೀರಿಕೊಂಡರು. ತಮ್ಮ ಮಾತನ್ನು ಜಗತ್ತು ಒಪ್ಪಿದ್ದನ್ನು ನೋಡಲಿಲ್ಲ. ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಉತ್ತರ ಇದ್ದದ್ದು ಆ ತಳದಲ್ಲೇ. 1950ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್ ಅಟ್ಲಾಂಟಿಕ್ ಸಾಗರದ ತಳದ ನಕ್ಷೆ ಬರೆಯುವಾಗ, ನಡುವಿನ ಬೆಟ್ಟಸಾಲಿನ ನೆತ್ತಿಯ ಉದ್ದಕ್ಕೂ ಒಂದು ಕಣಿವೆ ಕಂಡರು. ಅಲ್ಲಿ ನೆಲ ಬಾಯಿಬಿಡುತ್ತದೆ, ಕೆಳಗಿನಿಂದ ಕರಗಿದ ಕಲ್ಲು ಬಂದು ಹೊಸ ತಳವಾಗುತ್ತದೆ. ಅಂದರೆ ನೆಲ ಸಮುದ್ರದಲ್ಲಿ ತೇಲುವುದಿಲ್ಲ. ನೆಲವೂ ಅದಕ್ಕೆ ಅಂಟಿದ ಸಮುದ್ರದ ತಳವೂ ಸೇರಿ ಒಂದೇ ದಪ್ಪ ಫಲಕ. ಅದು ಬಿಸಿಗೆ ಮೆತ್ತಗಾದ ಕಲ್ಲಿನ ಮೇಲೆ ಸರಿಯುತ್ತದೆ.

ಸೇಂಟ್ ಮೇರೀಸ್ ದ್ವೀಪದಲ್ಲಿ ನೀವು ನೋಡಿದ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಅದು. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಹಾಗೆಯೇ ಲಾವಾ ಆರಿ ಕುಗ್ಗುವಾಗ ಐದಾರು ಮುಖದ ಕಂಬಗಳಾಗಿ ಸೀಳಿತು. ಅದೇ ಕಾಲದ ಲಾವಾ ಮಡಗಾಸ್ಕರ್‌ನಲ್ಲೂ ಸಿಗುತ್ತದೆ. ಈಗ ಎರಡರ ನಡುವೆ ಸುಮಾರು 4,000 ಕಿ.ಮೀ. ಸಮುದ್ರ. ಅದರ ತಳದ ಬಹುಪಾಲು ಆಮೇಲೆ ಹುಟ್ಟಿದ್ದು.

ಇನ್ನು ನಿಮ್ಮ ಬಾವಿ. ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. ಸುಮ್ನೆ ಅಂದಾಜಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಉಪಕರಣ ಅಳೆದದ್ದು. ಆ ಲೆಕ್ಕದಲ್ಲಿ ನೂರು ವರ್ಷಕ್ಕೆ 5 ಮೀಟರ್ ಆಯ್ತು ಅಲ್ವಾ? ನಿಮ್ಮ ಬಾವಿ ಅಷ್ಟು ದೂರ ಬಂದಿದೆ. ಮನೆ, ತೋಟ, ಹೊಳೆ, ಇಡೀ ಕುಂದಾಪುರ ಜೊತೆಗೇ ಬಂದಿರುವುದರಿಂದ ಗೊತ್ತಾಗಿಲ್ಲ, ಅಷ್ಟೇ.

ಮುಂದಿನ ಸಲ ದ್ವೀಪಕ್ಕೆ ಹೋದಾಗ ಒಂದೊಂದು ಕಂಬಕ್ಕೆ ಎಷ್ಟು ಮುಖ ಎಂದು ಮಕ್ಕಳಿಂದ ಎಣಿಕೆ ಮಾಡಿಸಿ. ಚೂರನ್ನೂ ಒಡೆದು ತರಲು ಮಾತ್ರ ಬಿಡಬೇಡಿ.